ನೀರು ನಮಗೆ, ಸೊಪ್ಪು ಗುಲಾಬಿಗೆ

ಇಲ್ಲಿ ಜಪಾನಿನ ಶಿಜುವೊಕಾದಲ್ಲಿ ಪಕ್ಕದ ಮನೆಯ ಅಜ್ಜಿ ಟೀ ಬಸಿದ ಮೇಲೆ ಉಳಿದ ಎಲೆಯನ್ನು ಕೈಯಲ್ಲಿ ಹಿಂಡಿ, ಎರಡು ಹನಿ ಸೋಯಾ ಸಾಸ್, ಚಿಟಿಕೆ ಹುರಿದ ಎಳ್ಳು ಹಾಕಿ ಅನ್ನದ ಜೊತೆ ತಿನ್ನುತ್ತಾರೆ. ನಿಮ್ಮೂರಲ್ಲಿ ಇದನ್ನೇನು ಮಾಡುತ್ತೀರಿ ಎಂದು ಮೊನ್ನೆ ಕೇಳಿದರು. ಗುಲಾಬಿ ಗಿಡದ ಬುಡಕ್ಕೆ ಹಾಕುತ್ತೇವೆ ಅಂದದ್ದಕ್ಕೆ, "ಸೊಪ್ಪು ಬೇಯಿಸಿದ ನೀರು ನಿಮಗೆ, ಸೊಪ್ಪು ಗಿಡಕ್ಕೆ! ಗುಲಾಬಿ ಪುಣ್ಯ ಮಾಡಿದೆ ಬಿಡಿ" ಅಂದುಬಿಟ್ಟರು.

ಊರಿಂದ ಬರುವ ಫೋನುಗಳಲ್ಲಿ ಈಚೆಗೆ ಒಂದೇ ಸುದ್ದಿ. ಟೀ ಬಿಟ್ಟಿದ್ದಾರಂತೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ತರಕಾರಿ ಜ್ಯೂಸ್ ಅಂತೆ. ಎರಡರಲ್ಲಿ ಯಾವುದರಲ್ಲಿ ಸತ್ವ ಜಾಸ್ತಿ ಎಂದು ಕೇಳುತ್ತಾರೆ. ಅಜ್ಜಿಯ ಮಾತೇ ಇದಕ್ಕೆ ಸರಿಯಾದ ಅಳತೆಗೋಲು: ಲೋಟಕ್ಕೆ ಏನು ಬಂತು, ಚರಟದಲ್ಲಿ ಏನು ಉಳಿಯಿತು?

ಜಪಾನಿನ ಆಹಾರ ಸಂಯೋಜನಾ ಕೋಷ್ಟಕದಲ್ಲಿ ಇದಕ್ಕೆ ಲೆಕ್ಕ ಸಿಗುತ್ತದೆ. ಇಲ್ಲಿನ ದಿನಬಳಕೆಯ ಹಸಿರು ಟೀಗೆ ಸೆಂಚಾ ಎಂದು ಹೆಸರು. ಹತ್ತು ಗ್ರಾಂ ಎಲೆಯನ್ನು 430 ಮಿ.ಲೀ. ನೀರಿನಲ್ಲಿ, 90 ಡಿಗ್ರಿಯಲ್ಲಿ, ಒಂದು ನಿಮಿಷ ನೆನೆಸಿ ಬಸಿದರೆ 100 ಮಿ.ಲೀ.ಗೆ ವಿಟಮಿನ್ ಸಿ 6 ಮಿ.ಗ್ರಾಂ, ಕೆಫೀನ್ 20 ಮಿ.ಗ್ರಾಂ, ಪೊಟ್ಯಾಸಿಯಂ 27 ಮಿ.ಗ್ರಾಂ, ಬಿ ಗುಂಪಿನ ವಿಟಮಿನ್ ಆದ ಫೋಲೇಟ್ 16 ಮೈಕ್ರೋಗ್ರಾಂ. ಶಕ್ತಿ 2 ಕಿಲೋಕ್ಯಾಲೊರಿ, ಅಂದರೆ ಇಲ್ಲವೆಂದೇ ಲೆಕ್ಕ. ಆ ಹತ್ತು ಗ್ರಾಂ ಎಲೆಯಲ್ಲಿ ಮೊದಲು ಇದ್ದ ವಿಟಮಿನ್ ಸಿ ಸುಮಾರು 26 ಮಿ.ಗ್ರಾಂ. ಗುಣಿಸಿ ನೋಡಿ, ಹೆಚ್ಚುಕಡಿಮೆ ಪೂರ್ತಿ ಮೊದಲ ಬಸಿತದಲ್ಲೇ ನೀರಿಗೆ ಇಳಿದಿರುತ್ತದೆ. ಫೋಲೇಟ್, ಪೊಟ್ಯಾಸಿಯಂ ಅರ್ಧದಷ್ಟು ಇಳಿಯುತ್ತವೆ. ನೀರಿನಲ್ಲಿ ಕರಗದವು ಮಾತ್ರ ಎಲೆ ಬಿಟ್ಟು ಕದಲುವುದಿಲ್ಲ. ಮೈಯಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ 1,300 ಮೈಕ್ರೋಗ್ರಾಂ, ವಿಟಮಿನ್ ಇ ಆರೂವರೆ ಮಿ.ಗ್ರಾಂ, ನಾರು ನಾಲ್ಕೂವರೆ ಗ್ರಾಂ ಚರಟದಲ್ಲೇ ಕೂತಿರುತ್ತವೆ. ವಿಟಮಿನ್ ಇ ವಿಷಯದಲ್ಲಿ ಅದು ವಯಸ್ಕರೊಬ್ಬರ ಒಂದು ದಿನದ ಅಗತ್ಯದ ಹತ್ತಿರಹತ್ತಿರ. ನಮ್ಮ ಗುಲಾಬಿಗೆ ಸಿಗುತ್ತಿರುವುದು ಇದು.

ನಮಗೆ ಇದು ಹೊಸ ಪಾಠವೇನೂ ಆಗಬಾರದಿತ್ತು. ಬಸ್ಸಾರು ಮಾಡುವ ಮನೆಯಲ್ಲಿ ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿಗೆ ಖಾರ ಕೂಡಿಸಿ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಕರಗಿದ್ದು ಮುದ್ದೆಯ ಜೊತೆ ಗಂಟಲಿಗೆ, ಕರಗದ್ದು ಪಕ್ಕದಲ್ಲೇ ತಟ್ಟೆಗೆ. ಒಗ್ಗರಣೆಯ ಎಣ್ಣೆಗೂ ಅಲ್ಲಿ ಕೆಲಸವಿದೆ, ಕೊಬ್ಬಿಲ್ಲದೆ ಕ್ಯಾರೊಟಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬೇಯಿಸಿದ ನೀರನ್ನು ಮೋರಿಗೆ ಚೆಲ್ಲದ ಮನೆಗಳ ಮಕ್ಕಳು ನಾವು. ಈಗ ಜ್ಯೂಸ್ ಸೋಸಿ ಸಿಪ್ಪೆ ಎಸೆಯುವುದನ್ನು ದುಡ್ಡು ಕೊಟ್ಟು ಕಲಿಯುತ್ತಿದ್ದೇವೆ.

ಚರಟ ತಿನ್ನಬೇಕೆನಿಸಿದರೆ ಎಲ್ಲ ಟೀಗೂ ಅದು ನಡೆಯದು. ಎಳೆಯ ಎಲೆಯ ಸೆಂಚಾ, ಅಥವಾ ಇನ್ನೂ ಮೃದುವಾದ ಗ್ಯೊಕುರೊ ಆಗಬೇಕು. ಇಬ್ಬರಿಗೆ 4–5 ಗ್ರಾಂ ಎಲೆ, 200 ಮಿ.ಲೀ. ನೀರು. ಕುದಿದ ನೀರನ್ನು ನೇರ ಸುರಿದರೆ ಕಹಿ, ಒಗರು ಒಟ್ಟಿಗೆ ಇಳಿಯುತ್ತವೆ. ಲೋಟದಿಂದ ಲೋಟಕ್ಕೆ ಒಂದೆರಡು ಸಲ ಸುರಿದು 75–80 ಡಿಗ್ರಿಗೆ ತಂದು, ಒಂದು ನಿಮಿಷ ಬಿಟ್ಟು, ಕೊನೆಯ ಹನಿವರೆಗೂ ಬಸಿಯಬೇಕು. ಪಾತ್ರೆಯಲ್ಲಿ ನೀರು ನಿಂತರೆ ಎರಡನೇ ಸಲದ ಟೀ ಕಹಿ. ಮೂರು ಸಲ ಬಸಿದ ಮೇಲೆ ಎಲೆ ಮೆತ್ತಗಾಗಿರುತ್ತದೆ, ಒಗರು ಹೋಗಿರುತ್ತದೆ. ಆಗಲೇ ತಿನ್ನಬೇಕು. ಒದ್ದೆ ಎಲೆಯನ್ನು ಸಂಜೆವರೆಗೆ ಹೊರಗಿಟ್ಟರೆ ಹುಳಿ ವಾಸನೆ ಬರುತ್ತದೆ. ಕಾಯಿತುರಿ, ಇಂಗಿನ ಒಗ್ಗರಣೆ ಹಾಕಿದರೆ ಒಳ್ಳೆಯ ಪಲ್ಯವೇ ಆಗುತ್ತದೆ, ಅಜ್ಜಿಗೂ ಹಿಡಿಸಿತು. ಎಲೆಯನ್ನೇ ತಿನ್ನುವುದಾದರೆ ಕೀಟನಾಶಕ ಹೊಡೆಯದ ತೋಟದ್ದನ್ನು ಕೊಳ್ಳುವುದು ಮೇಲು.

ತಿನ್ನಲು ಮನಸ್ಸಿಲ್ಲದವರಿಗೆ ಇಲ್ಲಿ ಇನ್ನೆರಡು ದಾರಿ ಇವೆ. ಕಾಕೆಗಾವಾ ಕಡೆಯ ಫುಕಾಮುಷಿ ಟೀಯಲ್ಲಿ ಎಲೆಯನ್ನು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಹೊತ್ತು ಹಬೆಯಲ್ಲಿಡುತ್ತಾರೆ. ಎಲೆ ಪುಡಿಪುಡಿಯಾಗಿ ಅದರ ಕಣಗಳೇ ಲೋಟಕ್ಕೆ ಬರುತ್ತವೆ, ಟೀ ಮಬ್ಬು ಹಸಿರಾಗಿರುತ್ತದೆ, ಅರ್ಧ ನಿಮಿಷ ನೆನೆಸಿದರೆ ಸಾಕು. ಇನ್ನೊಂದು ಮಾಚಾ, ಎಲೆಯನ್ನೇ ಬೀಸಿದ ಹಿಟ್ಟು. ಎರಡು ಗ್ರಾಂ ಮಾಚಾದಲ್ಲಿ ಕ್ಯಾರೊಟಿನ್ ಸುಮಾರು 580 ಮೈಕ್ರೋಗ್ರಾಂ, ಜೊತೆಗೆ ಕೆಫೀನ್ 64 ಮಿ.ಗ್ರಾಂ. ಚರಟವೇ ಇಲ್ಲದ ಟೀ ಅದು, ಬೆಲೆಯೂ ಹಾಗೇ ಇದೆ.

ನಮ್ಮ ಹಾಲಿನ ಟೀ ಬೇರೆಯೇ ಜಾತಿ. ಕಪ್ಪು ಟೀ ತಯಾರಾಗುವಾಗ ಎಲೆ ಗಾಳಿಗೆ ಬಾಡಿ, ಮುರಿದು, ಬಣ್ಣ ತಿರುಗುವಷ್ಟರಲ್ಲಿ ವಿಟಮಿನ್ ಸಿ ಮುಗಿದಿರುತ್ತದೆ. ಕೋಷ್ಟಕದಲ್ಲಿ ಸೊನ್ನೆ. ಒಂದು ಲೋಟಕ್ಕೆ 75 ಮಿ.ಲೀ. ಹಾಲು, ಎರಡು ಚಮಚ ಸಕ್ಕರೆ ಎಂದಿಟ್ಟುಕೊಂಡರೆ ಸುಮಾರು 85 ಕಿಲೋಕ್ಯಾಲೊರಿ, ಎರಡು ಗ್ರಾಂ ಚಿಲ್ಲರೆ ಪ್ರೋಟೀನು, ಒಂದಿಷ್ಟು ಕ್ಯಾಲ್ಸಿಯಂ. ಅವೆಲ್ಲ ಹಾಲು ಸಕ್ಕರೆಯ ಪಾಲು, ಟೀಪುಡಿ ಕೊಟ್ಟದ್ದು ಬಣ್ಣ, ಒಗರು, ಕೆಫೀನ್. ದಿನಕ್ಕೆ ನಾಲ್ಕು ಲೋಟವಾದರೆ ಸಕ್ಕರೆಯೇ 40 ಗ್ರಾಂ. ಊರಿನವರಿಗೆ ಟೀ ಬಿಟ್ಟ ಮೇಲೆ ಮೈ ಹಗುರವಾಗಿದ್ದರೆ ಅದರಲ್ಲಿ ಜ್ಯೂಸಿನ ಮಹಿಮೆ ಎಷ್ಟು, ಸಕ್ಕರೆ ತಪ್ಪಿದ್ದು ಎಷ್ಟು ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಇನ್ನು ತರಕಾರಿ ಜ್ಯೂಸ್. ವಯಸ್ಕರು ದಿನಕ್ಕೆ 350 ಗ್ರಾಂ ತರಕಾರಿ ತಿನ್ನಬೇಕೆಂಬುದು ಜಪಾನ್ ಸರ್ಕಾರದ ಗುರಿ. ಅದನ್ನೇ ಹಿಡಿದುಕೊಂಡು 200 ಮಿ.ಲೀ. ಡಬ್ಬಿಯ ಮೇಲೆ "350 ಗ್ರಾಂ ತರಕಾರಿ ಬಳಸಿದೆ" ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ. ಬಳಸಿದ್ದು ನಿಜವಿರಬಹುದು, ಉಳಿದದ್ದು ಎಷ್ಟು ಎಂಬುದು ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿರುತ್ತದೆ. ನೂರು ಗ್ರಾಂ ಹಸಿ ಕ್ಯಾರೆಟ್‌ನಲ್ಲಿ ಎರಡೂವರೆ ಗ್ರಾಂನಷ್ಟು ನಾರು, 6 ಮಿ.ಗ್ರಾಂ ವಿಟಮಿನ್ ಸಿ ಇದ್ದರೆ, ಡಬ್ಬಿಯ ಕ್ಯಾರೆಟ್ ಜ್ಯೂಸಿನ ನೂರು ಗ್ರಾಂನಲ್ಲಿ ನಾರು 0.2 ಗ್ರಾಂ, ವಿಟಮಿನ್ ಸಿ 1 ಮಿ.ಗ್ರಾಂ. ಟೊಮೆಟೊದಲ್ಲಿ ವಿಟಮಿನ್ ಸಿ 15ರಿಂದ 6ಕ್ಕೆ ಇಳಿಯುತ್ತದೆ. ಸೋಸಿದಾಗ ನಾರು ಹೋಗುತ್ತದೆ, ಕಾಯಿಸಿದಾಗ ವಿಟಮಿನ್ ಸಿ. ಕೊನೆಗೆ ಉಳಿದ ಆ 6 ಮಿ.ಗ್ರಾಂ ಸೆಂಚಾದಲ್ಲಿರುವಷ್ಟೇ!

ಹಾಗಂತ ಜ್ಯೂಸನ್ನು ತೆಗೆದುಹಾಕುವಂತಿಲ್ಲ. ಟೊಮೆಟೊದ ಕೆಂಪು ಬಣ್ಣದ ಲೈಕೊಪೀನ್, ಕ್ಯಾರೆಟ್‌ನ ಕ್ಯಾರೊಟಿನ್ ಅರೆದು ಕಾಯಿಸಿದಾಗಲೇ ಜೀವಕೋಶದ ಗೋಡೆ ಒಡೆದು ಚೆನ್ನಾಗಿ ದಕ್ಕುತ್ತವೆ. ಟೀ ಲೋಟದಲ್ಲಿ ಇವೆರಡೂ ಇಲ್ಲ. ಪೊಟ್ಯಾಸಿಯಂ ಅಂತೂ ಅಜಗಜಾಂತರ, 200 ಮಿ.ಲೀ. ಟೊಮೆಟೊ ಜ್ಯೂಸಿನಲ್ಲಿ 500 ಮಿ.ಗ್ರಾಂ ದಾಟುತ್ತದೆ, ಅಷ್ಟೇ ಸೆಂಚಾದಲ್ಲಿ 54. ಬಿಪಿ ಇರುವವರಿಗೆ ಉಪ್ಪು ಬೆರೆಸದ ಜ್ಯೂಸ್ ಒಳ್ಳೆಯದೇ. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿರುವವರಿಗೆ ಅದೇ ಲೋಟ ಅಪಾಯ, ಅವರಿಗೆ ಟೀಯೇ ವಾಸಿ. ಎಲೆಕೋಸಿನ ಜಾತಿಯ ಕೇಲ್ ಸೊಪ್ಪಿನ ಪುಡಿ ಕದಡಿದ ಅಒಜಿರು ಎಂಬ ಹಸಿರು ರಸ ಇಲ್ಲಿ ಮನೆಮಾತು. ಅದರ 3 ಗ್ರಾಂ ಪುಡಿಯಲ್ಲಿ ವಿಟಮಿನ್ ಸಿ 33 ಮಿ.ಗ್ರಾಂ ಇರುತ್ತದೆ, ಸೆಂಚಾ ಅರ್ಧ ಲೀಟರ್ ಕುಡಿದರೂ ಅಷ್ಟಾಗದು. ಆದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಕೂಡ ಹೇರಳ. ರಕ್ತ ತೆಳುವಾಗಿಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಇಲ್ಲಿನ ವೈದ್ಯರು ಮೊದಲು ನಿಲ್ಲಿಸಿ ಎನ್ನುವವುಗಳಲ್ಲಿ ಇದೂ ಒಂದು.

ಬೆಂಗಳೂರಿನ ಉದ್ಯಾನಗಳ ಗೇಟಿನ ಬಳಿ ಸಿಗುವ ಜ್ಯೂಸಿನದು ಬೇರೆ ತಾಪತ್ರಯ. ಅದನ್ನು ಕಾಯಿಸುವುದಿಲ್ಲ, ಹಾಗಾಗಿ ವಿಟಮಿನ್ ಸಿ ಉಳಿಯುತ್ತದೆ, ತೊಳೆಯುವ ನೀರಿನ ಕೊಳಕೂ ಉಳಿಯುತ್ತದೆ. ಸೋರೆಕಾಯಿ ರಸ ಮಾಡುವ ಮುಂಚೆ ಪ್ರತಿ ಕಾಯಿಯಿಂದಲೂ ಒಂದು ಚೂರು ನಾಲಿಗೆಗೆ ಇಟ್ಟು ನೋಡಬೇಕು. ಕಹಿಯಿದ್ದರೆ ಅದು ಕುಕುರ್ಬಿಟಾಸಿನ್ ಎಂಬ ವಿಷ. ಬೇಯಿಸಿದರೂ ಹೋಗದು, ವಾಂತಿಯಲ್ಲಿ ರಕ್ತ ಬರುವವರೆಗೂ ಹೋಗಬಹುದು. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಇಂಥ ರಸ ಕುಡಿದು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮಿತಿಯೇ ಈ ಎಚ್ಚರಿಕೆ ಕೊಟ್ಟಿತು. ಹಾಗಲಕಾಯಿ ಜೊತೆ ಬೆರೆಸಿದರೆ ಯಾವ ಕಹಿ ಯಾವುದರದ್ದು ಎಂದು ತಿಳಿಯುವುದೇ ಇಲ್ಲ. ಪಾಲಕ್, ಬೀಟ್‌ರೂಟ್ ರಸವನ್ನು ದಿನಾ ಲೋಟಗಟ್ಟಲೆ ಕುಡಿದರೆ ಅವುಗಳಲ್ಲಿರುವ, ಕಲ್ಲು ಕಟ್ಟಿಸುವ ಆಕ್ಸಲೇಟ್ ಕಿಡ್ನಿಗೆ ಹೊರೆ. ಅದೇ ಪಾಲಕ್ ಬೇಯಿಸಿದರೆ ತಟ್ಟೆಗೆ ಬರುವುದು ಒಂದು ಹಿಡಿ.

ಊರಿನ ಟೀ ಬಗ್ಗೆ ಬೇಸರವಿರುವುದು ಅದನ್ನು ಕುಡಿಯುವ ಹೊತ್ತಿನ ಬಗ್ಗೆ. ತಿಂಡಿಯ ಜೊತೆಗೇ ಟೀ, ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಟೀ. 2008ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಯುವತಿಯರಿಗೆ ಅನ್ನದ ಊಟದ ಜೊತೆ ಟೀ ಕೊಟ್ಟು ಅಳೆದಾಗ, ಒಂದು ಲೋಟಕ್ಕೇ ಕಬ್ಬಿಣದ ಹೀರಿಕೆ ಅರ್ಧಕ್ಕೆ ಇಳಿದಿತ್ತು, ಎರಡು ಲೋಟಕ್ಕೆ ಮೂರನೇ ಎರಡು ಭಾಗ ಹೋಗಿತ್ತು. ವಿಟಮಿನ್ ಸಿ ಕೊಟ್ಟಾಗ ಹಲವು ಪಟ್ಟು ಏರಿತ್ತು. ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿರುವಾಗ, ಮನೆಯವರಿಗೆಲ್ಲ ಬಡಿಸಿ ತಾನು ಕೊನೆಗೆ ಉಂಡು, ಹಿಂದೆಯೇ ಟೀ ಕುಡಿಯುವ ಅತ್ತಿಗೆಗೆ ಜ್ಯೂಸಿನ ಬ್ಲೆಂಡರ್ ಕೊಡಿಸುವುದರಿಂದ ಆಗುವುದೇನು? ಊಟಕ್ಕೂ ಟೀಗೂ ನಡುವೆ ಹಿಂದೊಂದು ಗಂಟೆ, ಮುಂದೊಂದು ಗಂಟೆ ಬಿಡಿ ಎಂದು ಐಸಿಎಂಆರ್ ಆಹಾರ ಮಾರ್ಗಸೂಚಿಯೂ ಹೇಳುತ್ತದೆ. ಬಸ್ಸಾರಿನ ದಿನ ತಟ್ಟೆಯ ಪಲ್ಯದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಲಿ. ಒಲೆಯ ಮೇಲೆ ಹಿಂಡಬೇಡಿ, ಬಿಸಿಗೆ ವಿಟಮಿನ್ ಸಿ ಕಡಿಮೆಯಾಗುತ್ತದೆ. ಟೀ ನಾಲ್ಕು ಗಂಟೆಗೆ ಸಿಕ್ಕೇ ಸಿಗುತ್ತದಲ್ಲ.