ದಿನಚರಿ: ಎಂಜಿಬಿಯ ಹೀಟರ್ ವಾಲ್ವು

ನವೆಂಬರ್ 16, 2024, ಶನಿವಾರ
ಕೊವೆಂಟ್ರಿ

ಸೋರಿಕೆ ಎಲ್ಲಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಈ ವಾರವೆಲ್ಲ ನನ್ನ 1972ರ ಎಂಜಿಬಿ, ಅಂದರೆ ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು, ಅದನ್ನೇ ಹೇಳದೆ ಸತಾಯಿಸಿತು. ಬೆಳಗ್ಗೆ ತಣ್ಣಗಿರುವಾಗ ನೋಡಿದರೆ ಒಂದು ಹನಿಯೂ ಇಲ್ಲ. ಸ್ವಲ್ಪ ದೂರ ಓಡಿಸಿಕೊಂಡು ಬಂದು ನಿಲ್ಲಿಸಿದರೆ ಬಾನೆಟ್ ಸಂದಿಯಿಂದ ಎಂಜಿನ್ ತಣ್ಣಗಿಡುವ ಕೂಲೆಂಟಿನ ಸಿಹಿ ವಾಸನೆ. ಇದರ ರೇಡಿಯೇಟರ್ ಕ್ಯಾಪು ಚದರ ಇಂಚಿಗೆ 10 ಪೌಂಡ್ ಒತ್ತಡದ್ದು. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 115ರ ಹತ್ತಿರ ಹೋಗಬೇಕು. ಎಂಜಿನ್ ಬಿಸಿಯಾದಾಗ ಒತ್ತಡ ಏರುತ್ತೆ, ಒತ್ತಡ ಏರಿದಾಗಲೇ ಇಂಥ ಸಣ್ಣ ಬಿರುಕು ಬಾಯಿಬಿಡುತ್ತೆ.

ಮೊದಲು ಮುಟ್ಟಿ ನೋಡಿದ್ದು ಕಾಲಡಿಯ ಕಾರ್ಪೆಟ್ಟು. ಒಣಗಿತ್ತು, ಹೋದ ಜೀವ ಬಂತು. ಅಲ್ಲಿ ಒದ್ದೆಯಿದ್ದಿದ್ದರೆ, ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರಿನ ಒಳಗಿನ ಮ್ಯಾಟ್ರಿಕ್ಸೇ, ಅಂದರೆ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರೇ, ತೂತಾಗಿದೆ ಅಂತರ್ಥ. ಎಂಜಿಬಿಯ ಹೀಟರ್ ಪೆಟ್ಟಿಗೆ ಹೊರಗೆಳೆಯುವುದು ಯಾರಿಗೂ ಬೇಡ. ಆಬಿಂಗ್ಡನ್ ಫ್ಯಾಕ್ಟರಿಯಲ್ಲಿ ಮೊದಲು ಹೀಟರ್ ನಿಲ್ಲಿಸಿ ಆಮೇಲೆ ಅದರ ಸುತ್ತ ಕಾರು ಕಟ್ಟುತ್ತಿದ್ದರು ಅಂತ ಈ ಕಾರಿಟ್ಟುಕೊಂಡವರು ತಮಾಷೆ ಮಾಡುತ್ತಾರೆ.

ಹಾಗಾಗಿ ಉಳಿದದ್ದು ವಾಲ್ವು. ಎಂಜಿನ್ ಹೆಡ್ಡಿನ, ಅಂದರೆ ಎಂಜಿನ್ನಿನ ಮೇಲ್ಭಾಗದ, ಹಿಂಬದಿಯ ಬಲಮೂಲೆಯಲ್ಲಿ ಮುಷ್ಟಿಗಿಂತ ಚಿಕ್ಕದಾಗಿ ಕೂತಿರುತ್ತೆ. ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿದರೆ ಕೇಬಲ್ ಎಳೆದು ಇದರ ಲಿವರ್ ಆಡುತ್ತೆ, ಬಿಸಿನೀರು ಹೀಟರಿಗೆ ಹೋಗುತ್ತೆ ಅಥವಾ ನಿಲ್ಲುತ್ತೆ. ಇದು ಸೋರುವುದು ಎರಡು ಕಡೆ: ಹೆಡ್ಡಿಗೆ ಕೂರುವ ಜಾಗದ ಸಂದಿ ಮುಚ್ಚುವ ತೆಳು ಗ್ಯಾಸ್ಕೆಟ್, ಇಲ್ಲವೇ ಲಿವರಿನ ಕಡೆಗೆ ನೀರು ಬಾರದಂತೆ ತಡೆಯುವ ಒಳಗಿನ ರಬ್ಬರ್ ಪೊರೆ. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಟಿಶ್ಯೂ ಚೂರೊಂದನ್ನು ಇಕ್ಕಳದ ತುದಿಯಲ್ಲಿ ಹಿಡಿದು ಗ್ಯಾಸ್ಕೆಟ್ಟಿನ ಅಂಚಿಗೆ ಒತ್ತಿದೆ. ಬೆಳ್ಳಗೇ ಇತ್ತು. ಲಿವರಿನ ಬುಡಕ್ಕೆ ಒತ್ತಿದ್ದೇ ತಡ, ಅಂಚಿನಿಂದ ಕೂಲೆಂಟಿನ ನೀಲಿ ಏರತೊಡಗಿತು. ಪೊರೆಯೇ ಹೋಗಿದೆ. ಅಲ್ಲಿಂದ ಬಿದ್ದ ಹನಿ ಸೀದಾ ಸ್ಟಾರ್ಟರ್ ಮೋಟಾರಿನ ಕಡೆಗೇ ಇಳಿಯುತ್ತೆ, ಅದಕ್ಕೇ ತಡ ಮಾಡುವ ಹಾಗಿಲ್ಲ.

ಪೊರೆ ಹರಿಯುವುದೂ ಸುಮ್ಮನೆ ಅಲ್ಲ. ಬೇಸಿಗೆಯಿಡೀ ಯಾರೂ ಹೀಟರ್ ಗುಂಡಿ ಮುಟ್ಟುವುದಿಲ್ಲ, ಲಿವರ್ ಜಾಮ್ ಆಗುತ್ತೆ. ಚಳಿ ಶುರುವಾದ ದಿನ ಜೋರಾಗಿ ತಿರುಗಿಸುತ್ತಾರೆ. ಗಟ್ಟಿಯಾದ ಹಳೇ ರಬ್ಬರಿಗೆ ಅಷ್ಟು ಸಾಕು.

ಕೆಲವರು ವಾಲ್ವು ಕಿತ್ತು ಅಲ್ಲೊಂದು ಪ್ಲೇಟ್ ಮುಚ್ಚಿ ಹೀಟರನ್ನೇ ಮರೆತುಬಿಡುತ್ತಾರೆ. ಇಲ್ಲಿನ ನವೆಂಬರಿನಲ್ಲಿ ಅದು ಸರಿಯಲ್ಲ ಅನ್ನಿಸುತ್ತೆ ನನಗೆ. ನಾವು ಸ್ವೆಟರ್ ಹಾಕಿಕೊಳ್ಳಬಹುದು, ಮಬ್ಬಾದ ಮುಂದಿನ ಗಾಜಿಗೆ ಏನು ಹಾಕುವುದು?

ನಿನ್ನೆ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಇಡೀ ಕೆಲಸದಲ್ಲಿ ಹೆದರಿಕೆ ಅಂತ ಇರುವುದು ಇಲ್ಲೇ. ನಟ್ಟು ಕೂರುವ ಸ್ಟಡ್ಡು, ಅಂದರೆ ಹೆಡ್ಡಿನಲ್ಲಿ ಹುಗಿದ ಬೋಲ್ಟು, ಮುರಿದು ತುಂಡು ಅಲ್ಲೇ ಉಳಿದರೆ ಅರ್ಧ ಗಂಟೆಯ ಕೆಲಸ ವಾರಗಟ್ಟಲೆ ಎಳೆಯುತ್ತೆ. ಬೆಳಗ್ಗೆ ತಣ್ಣಗಿನ ಎಂಜಿನ್ನಿನಿಂದ, ನೀರು ಹೆಡ್ಡಿನ ಮಟ್ಟಕ್ಕಿಂತ ಕೆಳಗಿಳಿಯುವಷ್ಟು ಮಾತ್ರ ತೆಗೆದು, ಬಾಂಡ್ಲಿಯ ಮೇಲೆ ಹಲಗೆ ಮುಚ್ಚಿದೆ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಪಕ್ಕದ ಮನೆ ಬೆಕ್ಕಿಗೆ ನಮ್ಮ ಗ್ಯಾರೇಜೇ ತವರುಮನೆ.

7/16 ಇಂಚಿನ ಸ್ಪ್ಯಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲ ಮಾಡಿದೆ. ಮೇಲಿನದು ಕಿರ್ರೆಂದು ಬಂತು. ಕೆಳಗಿನದಕ್ಕೆ ಕಣ್ಣು ಹೋಗುವುದಿಲ್ಲ, ಬೆರಳೇ ಕಣ್ಣು.

ಅಷ್ಟರಲ್ಲಿ ದಾವಣಗೆರೆಯಿಂದ ಸೋದರಮಾವನ ವೀಡಿಯೊ ಕಾಲ್. ಮಾವ ಬಹಳ ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಅವರ ಹಳೇ ಗಾಡಿಯ 1489 ಸಿಸಿ ಎಂಜಿನ್ನೂ ಇದರ 1798 ಸಿಸಿಯದೂ ಒಂದೇ ಮನೆತನ, ಬ್ರಿಟಿಷ್ ಕಂಪನಿ ಬಿಎಂಸಿಯ ಬಿ-ಸೀರೀಸ್. ಹೆಡ್ಡು ನೋಡಿದ ಕೂಡಲೇ ಗುರುತು ಹಿಡಿದರು.

“ಇದು ನಮ್ ಗಾಡೀದೇ ಅಲ್ಲೇನೋ! ಆದ್ರೆ ನಮ್ದಕ್ಕೆ ಹೀಟರ್ ಇರ್ಲಿಲ್ಲ. ದಾವಣಗೆರೆ ಬಿಸಿಲಿಗೆ ಹೀಟರ್ ಬೇರೆ ಕೇಡು.”

“ಇಲ್ಲಿ ಅದಿಲ್ದಿದ್ರೆ ಕೈ ಸೆಟೆದುಹೋಗುತ್ತೆ ಮಾವ.”

“ಪ್ಯಾಕಿಂಗಿಗೆ ಶೆಲ್ಯಾಕ್ ಹಚ್ಚು, ಜನ್ಮದಾಗೆ ಸೋರಂಗಿಲ್ಲ.”

ಪ್ಯಾಕಿಂಗ್ ಅಂದರೆ ಗ್ಯಾಸ್ಕೆಟ್ಟು, ಶೆಲ್ಯಾಕ್ ಅಂದರೆ ಅರಗಿನ ಅಂಟು. ಸೋರುವುದಿಲ್ಲ, ನಿಜ. ಮುಂದೆ ಬಿಚ್ಚುವವನಿಗೆ ಬಿಚ್ಚುವುದಕ್ಕೂ ಬರುವುದಿಲ್ಲ. ಆಯಿತು ಮಾವ ಅಂದು, ಗ್ರೀಸನ್ನೇ ತೆಳ್ಳಗೆ ಸವರಿದೆ.

ಹೊಸ ವಾಲ್ವನ್ನು ಡಬ್ಬಿಯಿಂದ ತೆಗೆದವನೇ ಹಾಕಲಿಲ್ಲ. ಈಗ ಬರುವ ನಕಲು ಮಾಲಿನಲ್ಲಿ ಕೆಲವು ಹೊಸದಾಗಿರುವಾಗಲೇ ಸೋರುತ್ತವೆ. ಅಡುಗೆಮನೆಯ ಸಿಂಕಿನಲ್ಲಿ ನೀರು ತುಂಬಿ, ಮೂತಿಗೆ ಹೋಸ್ ಪೈಪಿನ ತುಂಡು ಸಿಕ್ಕಿಸಿ, ವಾಲ್ವು ಮುಳುಗಿಸಿ ಊದಿದೆ. ಲಿವರ್ ಮುಚ್ಚಿದಾಗ ಗುಳ್ಳೆ ಇಲ್ಲ. ತೆರೆದು, ಇನ್ನೊಂದು ಬಾಯಿಗೆ ಹೆಬ್ಬೆರಳು ಒತ್ತಿ ಊದಿದಾಗ ಲಿವರಿನ ಬುಡದಲ್ಲೂ ಇಲ್ಲ. ಹಿಂದೆ ನಿಂತು ನೋಡುತ್ತಿದ್ದ ನನ್ನಾಕೆ, “ಪಾತ್ರೆ ತೊಳೆಯೋಕೆ ಯಾವತ್ತಾದ್ರೂ ಇಷ್ಟು ಶ್ರದ್ಧೆ ತೋರಿಸಿದೀರಾ?” ಅಂದಳು. ಸಿಂಕು ಉಜ್ಜಿ ತೊಳೆದುಕೊಟ್ಟು ಜಾಗ ಖಾಲಿ ಮಾಡಿದೆ.

ಹೆಡ್ಡಿನ ತೂತಿಗೆ ಬಟ್ಟೆ ತುರುಕಿ ಹಳೇ ಗ್ಯಾಸ್ಕೆಟ್ ಕೆರೆದೆ. ಬಟ್ಟೆ ತೆಗೆದರೆ ಅದಕ್ಕೆ ರಾಗಿ ಅಂಬಲಿಯಂಥ ಕೆಂಗಂದು ಕೆಸರು ಅಂಟಿತ್ತು, ಕಬ್ಬಿಣದ ತುಕ್ಕು. ಹಾಗಾಗಿ ಹೀಟರಿಗೂ ಉಲ್ಟಾ ದಿಕ್ಕಿನಿಂದ ಸಣ್ಣಗೆ ನೀರು ಬಿಟ್ಟು, ತಿಳಿಯಾಗುವವರೆಗೆ ತೊಳೆದೆ. ವಾಲ್ವು ಕೂರಿಸಿದ್ದು, ನಟ್ಟು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದದ್ದು ಬೇಗ ಮುಗಿಯಿತು. ಕೇಬಲಿಗೆ ಹೊತ್ತು ಹಿಡಿಯಿತು. ಗುಂಡಿ ಮುಚ್ಚುವ ಕೊನೆಗೆ ಬರುವುದಕ್ಕೂ ಲಿವರ್ ಪೂರ್ತಿ ಮುಚ್ಚುವುದಕ್ಕೂ ಸರಿಹೋಗಬೇಕು, ಇಲ್ಲವಾದರೆ ಜೂನಿನಲ್ಲೂ ಕಾಲು ಬೇಯುತ್ತೆ.

ಅರ್ಧಕ್ಕರ್ಧ ನೀರು ಬೆರೆಸಿದ ನೀಲಿ ಕೂಲೆಂಟ್ ತುಂಬುವಾಗ ಹೀಟರ್ ವಾಲ್ವು ತೆರೆದಿಟ್ಟು, ಮೂತಿ ಮೇಲಾಗುವಂತೆ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದೆ, ಗಾಳಿ ಸಿಕ್ಕಿಹಾಕಿಕೊಳ್ಳಬಾರದಲ್ಲ. ಮಧ್ಯಾಹ್ನ ಕೆನಿಲ್‌ವರ್ತ್‌ವರೆಗೆ ಹೋಗಿ ಬಂದೆವು. ಬಿಸಿಗಾಳಿ ಬಂತು. ಟಿಶ್ಯೂ ಎರಡೂ ಕಡೆ ಒಣ.

ನಾಳೆ ತಣ್ಣಗಾದ ಮೇಲೆ ರೇಡಿಯೇಟರಿನಲ್ಲಿ ನೀರಿನ ಮಟ್ಟ ನೋಡಬೇಕು. ಗ್ಯಾಸ್ಕೆಟ್ ಒಂದಿಷ್ಟು ಕೂತಿರುತ್ತೆ, ನಟ್ಟುಗಳನ್ನೂ ಇನ್ನೊಮ್ಮೆ ಮುಟ್ಟಿ ನೋಡಬೇಕು.