ಓದಲಾಗದ ಹೋಮರ್

ಇವತ್ತು ಲೈಬ್ರರಿಯಲ್ಲಿ ಇಟಲಿಯ ಕವಿ ಪೆಟ್ರಾರ್ಕ್ 1354ರಲ್ಲಿ ಬರೆದ ಪತ್ರವೊಂದು ಕಣ್ಣಿಗೆ ಬಿತ್ತು. ಓದಿ ಸುಮ್ನೆ ಕೂತುಬಿಟ್ಟೆ.

ಗ್ರೀಕ್ ಮಾತಾಡುವ ಬೈಜಾಂಟಿಯಂ ಸಾಮ್ರಾಜ್ಯದ ಕಡೆಯ ಗೆಳೆಯ ಅವನಿಗೆ ಪ್ರಾಚೀನ ಗ್ರೀಕ್ ಮಹಾಕವಿ ಹೋಮರನ ಕಾವ್ಯದ ಗ್ರೀಕ್ ಹಸ್ತಪ್ರತಿ ಕಳಿಸಿದ್ದ. ಇವನಿಗೋ ಗ್ರೀಕ್ ಓದಲು ಬರುತ್ತಿರಲಿಲ್ಲ. ಆದರೂ ಅದನ್ನು ನೋಡಿಯೇ ಖುಷಿಪಡುತ್ತಿದ್ದನಂತೆ. ಆಗಾಗ ಅಪ್ಪಿಕೊಂಡು ನಿಟ್ಟುಸಿರು ಬಿಡುತ್ತಿದ್ದನಂತೆ.

ಅಪ್ಪಿಕೊಳ್ಳುವುದು! ಓದಲಾಗದ ಪುಸ್ತಕವನ್ನು!

ರಿನೈಸಾನ್ಸ್, ಅಂದರೆ ಹಳೆಯ ಗ್ರೀಕ್-ರೋಮನ್ ವಿದ್ಯೆ ಯುರೋಪಿನಲ್ಲಿ ಮತ್ತೆ ಚಿಗುರಿದ ಕಾಲ, ಅಂದಕೂಡಲೇ ನಮಗೆ ಡಾವಿಂಚಿ, ಮೈಕೆಲ್ಯಾಂಜೆಲೊ, ಫ್ಲಾರೆನ್ಸ್‌ನ ಆ ದೊಡ್ಡ ಗುಮ್ಮಟ. ಅದಕ್ಕೂ ಮೊದಲು ಇಂಥ ಆಸೆ ಎಷ್ಟು ಜನರ ಎದೆಯಲ್ಲಿ ಇದ್ದಿರಬೇಕು, ಅಲ್ವಾ? ನನಗಂತೂ ಇದೇ ಜಾಸ್ತಿ ಹತ್ತಿರ ಅನ್ನಿಸಿತು.

ಆಮೇಲೆ ಪೆಟ್ರಾರ್ಕನ ಗೆಳೆಯ, ಇಟಲಿಯ ಲೇಖಕ ಬೊಕಾಚ್ಚೊ ಮುಂದೆ ನಿಂತು ಹೋಮರನನ್ನು ಲ್ಯಾಟಿನ್‌ಗೆ ಅನುವಾದ ಮಾಡಿಸಿದ. ಅದರ ಪ್ರತಿ ಪೆಟ್ರಾರ್ಕನ ಕೈಗೂ ಬಂತು. 1397ರಲ್ಲಿ ಬೈಜಾಂಟಿಯಂನ ಗ್ರೀಕ್ ವಿದ್ವಾಂಸ ಕ್ರಿಸೊಲೊರಾಸ್ ಫ್ಲಾರೆನ್ಸ್‌ಗೆ ಬಂದು ಗ್ರೀಕ್ ಪಾಠ ಶುರು ಮಾಡುವ ಹೊತ್ತಿಗೆ ಪೆಟ್ರಾರ್ಕ್ ತೀರಿಕೊಂಡು 23 ವರ್ಷವಾಗಿತ್ತು.