ವೆನಿಲಾ ಹೂ ಬಿಟ್ಟಿದೆ!

ಹಿತ್ತಲ ಹಾಲುವಾಣದ ಮರಕ್ಕೆ ಹಬ್ಬಿಸಿದ್ದ ವೆನಿಲಾ ಇವತ್ತು ಅರಳಿದೆ. ತಿಳಿ ಹಸಿರು ಹಳದಿ ಹೂವು. ಮಧ್ಯಾಹ್ನದ ಹೊತ್ತಿಗೆ ಬಾಡಿಬಿಡುತ್ತದೆ, ಅಷ್ಟರೊಳಗೆ ನಾವೇ ಪರಾಗಸ್ಪರ್ಶ ಮಾಡಬೇಕು, ಯಾಕಂದ್ರೆ ಮೆಕ್ಸಿಕೋ ಕಡೆಯ ಈ ಬಳ್ಳಿಗೆ ನಮ್ಮ ಕೊಡಗಿನ ಜೇನನ್ನು ನಂಬಿ ಕೂರುವ ಹಾಗಿಲ್ಲ. ಚೂಪು ಮಾಡಿದ ಪೊರಕೆ ಕಡ್ಡಿಯಿಂದ ಹೂವಿನೊಳಗಿನ ತೆಳು ಪೊರೆಯನ್ನು ಮೆಲ್ಲಗೆ ಮೇಲೆತ್ತಿ, ಪರಾಗದ ಪುಟ್ಟ ಮುದ್ದೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಆಯಿತು.

ಈ ಉಪಾಯ ಕಂಡುಕೊಂಡಿದ್ದು 1841ರಲ್ಲಿ, ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. ಗುಲಾಮನಾಗಿದ್ದ 12 ವರ್ಷದ ಹುಡುಗ! ಪ್ರಪಂಚಕ್ಕೆಲ್ಲ ವೆನಿಲಾ ಸಿಕ್ಕಿತು, ಅವನು ಬಡತನದಲ್ಲೇ ತೀರಿಕೊಂಡ. ಕಡ್ಡಿ ಹಿಡಿದಾಗಲೆಲ್ಲ ಅವನ ನೆನಪಾಗಿ ಬೇಜಾರಾಗುತ್ತದೆ.

ಕಾಯಿ ಬಲಿಯೋಕೆ ಸುಮಾರು 9 ತಿಂಗಳು ಬೇಕು. ಬಳ್ಳಿ ತುಂಡು ಯಾರಿಗಾದರೂ ಬೇಕಿದ್ದರೆ ಹೇಳಿ, ಮಳೆ ಹಿಡಿದ ಮೇಲೆ ಕತ್ತರಿಸಿ ಕೊಡುತ್ತೇನೆ.